ನಾಸ್ತಿಕರ ಸತ್ಸಂಗ

ದೇವರನ್ನು ನಂಬುವುದಕ್ಕೆ ನಮ್ಮಲ್ಲಿ ಯಾರೂ ಅರ್ಜಿ ಹಾಕಿಕೊಳ್ಳಬೇಕಾಗಿಲ್ಲ. ತೊಟ್ಟಿಲಲ್ಲಿ ಮಲಗಿಸಿ ಹೆಸರಿಡುವ ದಿನವೇ ಆ ಕೆಲಸವನ್ನು ಹಿರಿಯರು ನಮ್ಮ ಪರವಾಗಿ ಮಾಡಿ ಮುಗಿಸಿರುತ್ತಾರೆ. ನಂಬದೆ ಇರಬೇಕೆನ್ನುವವನಾದರೋ ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳಬೇಕು. ಬಹುಮಟ್ಟಿಗೆ ಒಬ್ಬನೇ ನಡೆಯಬೇಕು. ಆಸ್ತಿಕ ನಾಸ್ತಿಕ ವಾದಗಳ ಭರದಲ್ಲಿ ಈ ಸಣ್ಣ ಸಂಗತಿಯನ್ನು ನಾವು ಮರೆಯುತ್ತೇವೆ. ದೇವರಿದ್ದಾನೆಯೆ ಇಲ್ಲವೆ ಎಂಬ ತರ್ಕ ಬಹು ಹಳೆಯದು. ಅದಕ್ಕೆ ನಾನಿಲ್ಲಿ ಕೈಹಾಕುವುದಿಲ್ಲ. ನನ್ನ ಪ್ರಶ್ನೆ ಅದಕ್ಕಿಂತ ಚಿಕ್ಕದು. ನಂಬದವನಿಗೆ ಜೊತೆ ಯಾರು? ಆ ಜೊತೆ ಈಚಿನ ಹದಿನೈದಿಪ್ಪತ್ತು ವರ್ಷಗಳಲ್ಲಿ ಮೊಬೈಲಿನ ಒಳಗೆ ದೊರೆಯತೊಡಗಿದ ಮೇಲೆ ಅವನ ನಾಸ್ತಿಕತೆಯ ಬಣ್ಣ ಎಂಥದಾಯಿತು?

ನಾನಿರುವುದು ಕಂಪ್ಲಿ ತಾಲ್ಲೂಕಿನ ಎಮ್ಮಿಗನೂರು. ತುಂಗಭದ್ರೆಯ ಕಾಲುವೆಯ ನೀರುಂಡ ಭತ್ತದ ಸೀಮೆ. ಇಲ್ಲಿ ಧರ್ಮವೆಂದರೆ ಯಾರೂ ಕುಳಿತು ಒಪ್ಪಿಕೊಂಡ ಸಿದ್ಧಾಂತವಲ್ಲ, ನೆರೆಹೊರೆ. ಮೊಹರಂ ಬಂದರೆ ಅಲಾಯಿ ಕುಣಿ ತೋಡುವವರಲ್ಲಿ, ಬೆಂಕಿಗೆ ಕಟ್ಟಿಗೆ ಹೊರುವವರಲ್ಲಿ, ಪೀರಲ ದೇವರ ಮುಂದೆ ಹೆಜ್ಜೆ ಹಾಕುವವರಲ್ಲಿ ಯಾರು ಯಾವ ಜಾತಿಯವರೆಂದು ಬಿಡಿಸಿ ಹೇಳುವುದು ಕಷ್ಟ. ತೇರಿನ ಮಿಣಿಗೆ ಕೈಕೊಡುವವನು ಆ ಹೊತ್ತಿಗೆ ಸೃಷ್ಟಿಕರ್ತನ ಅಸ್ತಿತ್ವವನ್ನು ಕುರಿತು ಚಿಂತಿಸುತ್ತಿರುವುದಿಲ್ಲ. ಪಕ್ಕದವನ ಭುಜಕ್ಕೆ ಭುಜ ತಾಗಿಸಿ ಎಳೆಯುತ್ತಿರುತ್ತಾನೆ, ಅಷ್ಟೆ. ಶ್ರಾವಣದ ಭಜನೆ, ಮದುವೆಯ ಅಕ್ಷತೆ, ಸತ್ತವರ ದಿನದ ಊಟ, ಹೊಸ ಎತ್ತಿಗೆ ಕುಂಕುಮ, ಬಿತ್ತುವ ಮುನ್ನ ಹೊಲಕ್ಕೆ ಪೂಜೆ, ಹೀಗೆ ವರ್ಷವೆಲ್ಲ ಜನ ಒಬ್ಬರನ್ನೊಬ್ಬರು ಕಾಣುವುದೇ ದೇವರ ನೆಪದಲ್ಲಿ. ಇಂಥ ಊರಿನಲ್ಲಿ ಒಬ್ಬ ಹುಡುಗ ನನಗೆ ನಂಬಿಕೆಯಿಲ್ಲ ಎಂದರೆ ಅವನು ಕಳೆದುಕೊಳ್ಳುವುದು ದೇವರನ್ನಲ್ಲ. ದೇವರು ಅವನ ಪಾಲಿಗೆ ಮೊದಲೇ ಹೋಗಿರುತ್ತಾನೆ. ಅವನು ಕಳೆದುಕೊಳ್ಳುವುದು ಊರನ್ನು. ಪಂಕ್ತಿಯಲ್ಲಿ ಅವನಿಗೆ ಎಲೆ ಹಾಕುತ್ತಾರೆ ನಿಜ; ಆದರೆ ಆ ಎಲೆಯ ಮುಂದೆ ಕುಳಿತಾಗ ಅವನಿಗೆ ಮೊದಲಿನ ಹಸಿವಿರುವುದಿಲ್ಲ.

ಇದೇ ಕಾರಣದಿಂದ ನನ್ನ ಅಭಿಪ್ರಾಯದಲ್ಲಿ ನಾಸ್ತಿಕತೆಯ ಚರಿತ್ರೆಯೆಂಬುದು ವಾದಗಳ ಚರಿತ್ರೆಯಾಗಿರುವಷ್ಟೇ ಸಂಘಗಳ ಚರಿತ್ರೆಯೂ ಹೌದು. ಇದಕ್ಕೆ ನಮ್ಮ ಮಗ್ಗುಲಲ್ಲೇ ಒಂದು ಸಾಕ್ಷಿಯುಂಟು. ವಿಜಯನಗರದ ಮಾಧವಾಚಾರ್ಯರ ಹೆಸರಿನಲ್ಲಿರುವ 14ನೆಯ ಶತಮಾನದ ‘ಸರ್ವದರ್ಶನಸಂಗ್ರಹ’ದ ಮೊದಲ ಅಧ್ಯಾಯವೇ ಚಾರ್ವಾಕದರ್ಶನ. ಪರಲೋಕವಿಲ್ಲ, ಆತ್ಮವೆಂಬುದು ದೇಹಕ್ಕಿಂತ ಬೇರೆಯಲ್ಲ ಎಂದು ವಾದಿಸಿದವರ ಮಾತುಗಳನ್ನು ಸಂಗ್ರಹಿಸಿ, ಮುಂದಿನ ಅಧ್ಯಾಯಗಳಲ್ಲಿ ಅದನ್ನು ಖಂಡಿಸುತ್ತ ಹೋಗುವುದು ಆ ಗ್ರಂಥದ ಕ್ರಮ. ಚಾರ್ವಾಕರ ಸ್ವಂತ ಸೂತ್ರಗ್ರಂಥ ಇಡಿಯಾಗಿ ನಮಗೆ ದೊರೆತಿಲ್ಲ. ಅವರು ಏನು ಹೇಳಿದರೆಂಬುದನ್ನು ಬಹುಪಾಲು ಅವರ ಎದುರಾಳಿಗಳ ಪುಸ್ತಕಗಳಿಂದಲೇ ತಿಳಿಯಬೇಕಾಗಿದೆ. ಅವರನ್ನು ಹತ್ತಿಕ್ಕಿದರೋ, ಅವರ ಗ್ರಂಥಗಳನ್ನು ಸುಟ್ಟರೋ ಎಂಬ ಚರ್ಚೆ ಪಂಡಿತರಿಗಿರಲಿ. ನನಗೆ ತೋರುವ ಕಾರಣ ಇನ್ನೂ ಸಾದಾ ಆದುದು. ಓಲೆಗರಿ ಹುಳು ಹಿಡಿಯುವ ವಸ್ತು. ಅದನ್ನು ತಲೆಮಾರಿಗೊಮ್ಮೆ ಪ್ರತಿ ಮಾಡಬೇಕು. ಜೈನರಿಗೆ ಬಸದಿಯಿತ್ತು, ಶೈವರಿಗೆ ಮಠವಿತ್ತು, ಪ್ರತಿ ಮಾಡುವ ಶಿಷ್ಯರಿದ್ದರು. ಚಾರ್ವಾಕನಿಗೆ ಮಠವಿರಲಿಲ್ಲ. ಹಂಪೆಯ ಆಸ್ತಿಕ ಪಂಡಿತರು ಪೂರ್ವಪಕ್ಷವೆಂದು ಬರೆದಿಟ್ಟುಕೊಂಡಿದ್ದರಿಂದಲೇ ಅವನು ಇಷ್ಟಾದರೂ ಉಳಿದ.

ಜೈನರ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ಸೃಷ್ಟಿಕರ್ತನಾದ ಈಶ್ವರನನ್ನು ಒಪ್ಪದ ಮತವೊಂದು ಕನ್ನಡಕ್ಕೆ ಹೊರಗಿನದಲ್ಲ. ಆದಿಕವಿ ಪಂಪನ ಮತವೇ ಅದು. 12ನೆಯ ಶತಮಾನದ ಬ್ರಹ್ಮಶಿವ ‘ಸಮಯಪರೀಕ್ಷೆ’ಯಲ್ಲಿ ಜನರು ಪೂಜಿಸುವ ದೇವತೆಗಳನ್ನೂ ಅನ್ಯಮತಗಳ ಆಚಾರಗಳನ್ನೂ ಹಿಡಿದು ಜಾಡಿಸಿದ ರೀತಿಯನ್ನು ಓದಿದವರು ಇಂದಿನ ವಿಚಾರವಾದಿಗಳ ನಾಲಗೆ ಅವನ ಮುಂದೆ ಮೊಂಡೆನ್ನದೆ ಇರಲಾರರು. ಆದರೆ ಅವನ ಪರೀಕ್ಷೆ ತನ್ನ ಮತದ ಬಾಗಿಲಿಗೆ ಬಂದೊಡನೆ ನಿಂತುಬಿಡುತ್ತದೆ. ಪರರ ದೇವರನ್ನು ಕಂಡು ನಗುವುದಕ್ಕೆ ಅವನ ಬೆನ್ನ ಹಿಂದೆ ಒಂದು ಸಮಯವಿತ್ತು. ಆ ಸಮಯದವರು ಜೊತೆಯಲ್ಲಿ ನಗುತ್ತಿದ್ದರು. ಈ ಬ್ರಹ್ಮಶಿವನನ್ನು ವಾಚಕರು ಮನಸ್ಸಿನ ಒಂದು ಮೂಲೆಯಲ್ಲಿ ಇಟ್ಟುಕೊಂಡಿರಲಿ. ಮುಂದೆ ಬೇಕಾಗುತ್ತಾನೆ.

ಈ ಕಾಲದ ನಾಸ್ತಿಕತೆ ದಕ್ಷಿಣದೇಶದಲ್ಲಿ ಬೇರೂರಿದುದೂ ಸಂಘದಿಂದಲೇ. ಕನ್ನಡ ಮನೆಮಾತಿನ ಈರೋಡಿನ ಕುಟುಂಬದಲ್ಲಿ ಹುಟ್ಟಿದ ಪೆರಿಯಾರ್ ರಾಮಸ್ವಾಮಿಯವರು 1925ರಲ್ಲಿ ‘ಕುಡಿ ಅರಸು’ ವಾರಪತ್ರಿಕೆಯನ್ನು ತೆಗೆದರು. ಸ್ವಾಭಿಮಾನದ ಚಳವಳಿ ಅದರ ಜೊತೆಯಲ್ಲೇ ಬೆಳೆಯಿತು. ಅವರ ಕಥೆ ಎಲ್ಲರಿಗೂ ತಿಳಿದದ್ದು. ನನಗೆ ಹೆಚ್ಚು ಪ್ರಿಯವಾದುದು ಆಂಧ್ರದ ಗೋರಾ ಅವರ ಕಥೆ. ಗೋಪರಾಜು ರಾಮಚಂದ್ರರಾಯರು ಸಸ್ಯಶಾಸ್ತ್ರದ ಉಪಾಧ್ಯಾಯರು. ನಾಸ್ತಿಕರೆಂಬ ಕಾರಣಕ್ಕೆ ಕಾಲೇಜಿನ ಕೆಲಸ ಕಳೆದುಕೊಂಡು 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರೆಂಬ ಹಳ್ಳಿಯಲ್ಲಿ ನಾಸ್ತಿಕ ಕೇಂದ್ರವನ್ನು ಸ್ಥಾಪಿಸಿದರು. 1947ರಲ್ಲಿ ಅದು ವಿಜಯವಾಡಕ್ಕೆ ಬಂದಿತು. ಜಾತಿ ನೋಡದ ಸಹಪಂಕ್ತಿ ಭೋಜನಗಳನ್ನು ನಡೆಸಿದರು. ಪತ್ನಿ ಸರಸ್ವತಿಯವರು ಗರ್ಭಿಣಿಯಾಗಿದ್ದಾಗಲೇ ಹೊರಗೆ ನಿಂತು ಗ್ರಹಣ ನೋಡಿದರು. ಮಗಳನ್ನು ಹರಿಜನ ಯುವಕನಿಗೆ ಕೊಡುವುದೆಂದು ನಿಶ್ಚಯಿಸಿದಾಗ ಆ ಮದುವೆಯನ್ನು ತಾವೇ ನಡೆಸಿಕೊಡಲು ಗಾಂಧೀಜಿ ಒಪ್ಪಿದ್ದರು. ವಿಧಿಯಲ್ಲಿ ದೇವರ ಹೆಸರು ಬರುವೆಡೆ ಸತ್ಯವೆಂಬ ಮಾತನ್ನಿಡುವುದಕ್ಕೂ ಅವರ ಸಮ್ಮತಿಯಿತ್ತು. ಗಾಂಧೀಜಿ ಹತರಾದ ಮೇಲೆ 1948ರ ಮಾರ್ಚಿಯಲ್ಲಿ ಸೇವಾಗ್ರಾಮದಲ್ಲಿಯೇ ಆ ಮದುವೆ ನಡೆಯಿತು. ದೇವರಿಲ್ಲ ಎನ್ನುವವನೂ ದೇವರೇ ಎಲ್ಲ ಎನ್ನುವವನೂ ಒಂದೇ ಚಪ್ಪರದಡಿ ಕೂಡಿ ಕೆಲಸ ಮಾಡಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

ವಿಚಿತ್ರವೆಂದರೆ ಗೋರಾ ಅವರ ಕೃಷ್ಣಾ ಜಿಲ್ಲೆಯೂ ನಮ್ಮ ಬಳ್ಳಾರಿಯೂ 1953ರ ಅಕ್ಟೋಬರ್ 1ರ ವರೆಗೆ ಒಂದೇ ಮದ್ರಾಸಿನ ಆಡಳಿತದಲ್ಲಿದ್ದವು. ನಮ್ಮ ಕಡೆ ತೆಲುಗು ಬಾರದವರು ಕಡಿಮೆ. ಆದರೂ ನನ್ನ ಬಾಲ್ಯದಲ್ಲಿ ಊರಿನ ಯಾವ ಹಿರಿಯರ ಬಾಯಲ್ಲೂ ಅವರ ಹೆಸರನ್ನು ನಾನು ಕೇಳಲಿಲ್ಲ. ಕಾಲ್ನಡಿಗೆಯಲ್ಲಿ ಬರುವ ವಿಚಾರ ಕಾಲು ನಡೆದಷ್ಟೇ ದೂರ ಬರುತ್ತದೆ.

ಕರ್ನಾಟಕದಲ್ಲಿ ಈ ಕೆಲಸವನ್ನು ಕೈಗೆತ್ತಿಕೊಂಡವರಲ್ಲಿ ಡಾ. ಎಚ್. ನರಸಿಂಹಯ್ಯನವರ ಹೆಸರು ಮೊದಲು ಬರಬೇಕು. ಗೌರಿಬಿದನೂರಿನ ಕಡೆಯ ಬಡಕುಟುಂಬದಿಂದ ಬಂದು, ಖಾದಿಯುಟ್ಟು, ಬೆಂಗಳೂರಿನ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯೊಂದರಲ್ಲಿ ಬಾಳಿದ ಆ ಬ್ರಹ್ಮಚಾರಿ 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಎಂಬ ಸಂಸ್ಥೆಯನ್ನು ಕಟ್ಟಿದರು. ವಾರವಾರವೂ ಅಲ್ಲಿ ವಿಜ್ಞಾನದ ಉಪನ್ಯಾಸ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಅವರು ನೇಮಿಸಿದ ಸಮಿತಿಯ ವೃತ್ತಾಂತ ದೇಶಕ್ಕೆಲ್ಲ ಗೊತ್ತು. ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರು ಆ ಪರೀಕ್ಷೆಗೆ ಒಡಂಬಡಲಿಲ್ಲ. ಅದೇ ವರ್ಷ ಮಂಗಳೂರಿನಲ್ಲಿ ದಕ್ಷಿಣ ಕನ್ನಡ ವಿಚಾರವಾದಿ ಸಂಘ ಹುಟ್ಟಿತು. ಅದರ ನರೇಂದ್ರ ನಾಯಕರು ವೈದ್ಯಕೀಯ ಕಾಲೇಜಿನ ಅಧ್ಯಾಪಕ ವೃತ್ತಿಯನ್ನೂ ಬಿಟ್ಟು, ಬರಿಗೈಯಲ್ಲಿ ವಿಭೂತಿ ತೆಗೆಯುವುದೂ ಬಾಯಲ್ಲಿ ಕರ್ಪೂರ ಉರಿಸುವುದೂ ಹೇಗೆಂದು ಶಾಲೆಯಿಂದ ಶಾಲೆಗೆ ತೋರಿಸುತ್ತ ತಿರುಗಿದರು. ಪುಸ್ತಕದ ಮಾರ್ಗವೂ ಇತ್ತು. ಎ. ಎನ್. ಮೂರ್ತಿರಾಯರು ತೊಂಬತ್ತರ ವಯಸ್ಸಿನಲ್ಲಿ, 1991ರಲ್ಲಿ, ‘ದೇವರು’ ಎಂಬ ಪುಸ್ತಕ ಪ್ರಕಟಿಸಿದರು. ಅಷ್ಟು ಸೌಜನ್ಯದಿಂದ ದೇವರನ್ನು ಬೀಳ್ಕೊಟ್ಟ ಪುಸ್ತಕ ಕನ್ನಡದಲ್ಲಿ ಇನ್ನೊಂದಿಲ್ಲ. ಅದಕ್ಕೆ ರಾಜ್ಯದ ಪಂಪ ಪ್ರಶಸ್ತಿಯೂ ಬಂದಿತು. ಬ್ರಹ್ಮಶಿವ ಇದನ್ನು ಓದಿದ್ದರೆ ಮೆಚ್ಚುತ್ತಿದ್ದನೋ ಇಲ್ಲವೋ. ಅವನಿಗೆ ಇಷ್ಟು ಮೆಲುದನಿ ಸಾಲದೆನಿಸಿರಬಹುದು.

ಇವರೆಲ್ಲರಲ್ಲಿ ಒಂದು ಸಮಾನ ಅಂಶವುಂಟು. ಜನರ ಎದುರು ದೇಹಸಹಿತವಾಗಿ ನಿಂತೇ ಇವರು ಮಾತಾಡಿದ್ದು. ಬೆಂಕಿಯ ಮೇಲೆ ನಡೆದು ತೋರಿಸಬೇಕಾದರೆ ಕಾಲು ತನ್ನದೇ ಆಗಿರಬೇಕು. ಸಭೆಯ ಹಿಂದಿನ ಸಾಲಿನಿಂದ ಮುದುಕಿಯೊಬ್ಬಳು, ಹಾಗಾದರೆ ನನ್ನ ಮಗನಿಗೆ ಬಂದದ್ದು ಏನಪ್ಪ ಎಂದು ಕೇಳಿದರೆ ಉತ್ತರ ಕೊಡಬೇಕು. ಅವಳನ್ನು ಹೀಯಾಳಿಸಿದರೆ ಮರುದಿನ ಆ ಊರಿನಲ್ಲಿ ಸಭೆ ಕೂಡುವುದಿಲ್ಲ. ಹಾಗಾಗಿ ಈ ಸಂಘಗಳ ಭಾಷೆಗೆ ಒಂದು ಹದ ತಾನಾಗಿಯೇ ಬರುತ್ತಿತ್ತು.

ಈಗ ಮೊಬೈಲಿನ ಮಾತಿಗೆ ಬರೋಣ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಹೆಸರು ಬೇಡ. ಭತ್ತ ಬೆಳೆಯುವವರ ಮನೆಯವನು, ಬಿ.ಎಸ್‌ಸಿ. ಓದಿದವನು. ಸಂಜೆ ಆಗಾಗ ನಮ್ಮ ಮನೆಯ ಕಟ್ಟೆಗೆ ಬಂದು ಕೂಡುತ್ತಾನೆ. ಅವನು ನಾಸ್ತಿಕನೆಂದು ಅವನ ಮನೆಯಲ್ಲಿ ಯಾರಿಗೂ ತಿಳಿಯದು. ಒಂದು ದಿನ ನನ್ನ ಕೈಗೆ ಮೊಬೈಲು ಕೊಟ್ಟು ತಾನು ಸೇರಿರುವ ಗುಂಪುಗಳನ್ನು ತೋರಿಸಿದ. ಕನ್ನಡದವರದೊಂದು, ತೆಲುಗಿನವರದೊಂದು, ಇಂಗ್ಲಿಷಿನವು ನಾಲ್ಕಾರು. “ನಂಬಿಕಿ ಇಲ್ಲ ಅನ್ನೋದು ನನಗ ಹತ್ತನೇ ಕ್ಲಾಸಿನ್ಯಾಗೇ ಗೊತ್ತಿತ್ರೀ ಸರ್. ನನ್ನಂಗ ಇನ್ನೊಬ್ರು ಅದಾರ ಅನ್ನೋದು ಗೊತ್ತಾಗಿದ್ದು ಇದ್ರಾಗ” ಎಂದ.

ಆ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಜಾಲದ ಬಳಗಗಳು ನಾಸ್ತಿಕತೆಯನ್ನು ಹರಡುತ್ತಿವೆ ಎಂದು ಕೆಲವರು ಗಾಬರಿಯಿಂದ, ಕೆಲವರು ಹೆಮ್ಮೆಯಿಂದ ಹೇಳುವುದುಂಟು. ನಂಬಿದವನನ್ನು ಅವು ನಂಬದವನನ್ನಾಗಿ ಮಾಡುವುದು ಅಪರೂಪ. ಅನುಮಾನ ಬಹುಮಟ್ಟಿಗೆ ಮನೆಯಲ್ಲೇ ಹುಟ್ಟಿರುತ್ತದೆ. ಹರಕೆ ಹೊತ್ತರೂ ಸತ್ತ ತಮ್ಮನಿಂದಲೋ, ಗುಡಿಯ ಹೊರಗೆ ನಿಲ್ಲಿಸಿದ ಅಪ್ಪನಿಂದಲೋ, ವಿಜ್ಞಾನದ ಒಂದು ಪಾಠದಿಂದಲೋ ಹುಟ್ಟಿರುತ್ತದೆ. ಬಳಗ ಮಾಡುವುದೆಂದರೆ ಆ ಅನುಮಾನಕ್ಕೆ ಒಂದು ಹೆಸರು ಕೊಡುವುದು, ನಿನ್ನ ತಲೆ ಕೆಟ್ಟಿಲ್ಲ ಎಂದು ಧೈರ್ಯ ಹೇಳುವುದು. 2011ರ ಜನಗಣತಿಯಲ್ಲಿ ಸುಮಾರು 28.7 ಲಕ್ಷ ಜನ ತಮ್ಮ ಧರ್ಮ ಯಾವುದೆಂದು ಹೇಳಲಿಲ್ಲ. ನಾಸ್ತಿಕರೆಂದೇ ಬರೆಸಿದವರು ಇಡೀ ದೇಶದಲ್ಲಿ 33 ಸಾವಿರದಷ್ಟು ಮಾತ್ರ. 120 ಕೋಟಿಗೆ 33 ಸಾವಿರ! ಒಂದೊಂದು ಹಳ್ಳಿಗೆ ಒಬ್ಬನೂ ಇಲ್ಲ. ಲೆಕ್ಕಕ್ಕೆ ಸಿಕ್ಕದವರು ಎಷ್ಟೋ ಇರಬಹುದಾದರೂ, ಮನೆಬಾಗಿಲಿಗೆ ಬಂದ ಗಣತಿಯವರ ಮುಂದೆ, ಅಪ್ಪ ಅವ್ವ ಪಕ್ಕದಲ್ಲಿ ನಿಂತಿರುವಾಗ ಆ ಪದವನ್ನು ಆಡುವುದು ಎಷ್ಟು ಕಷ್ಟವೆಂಬುದನ್ನು ಈ ಅಂಕೆ ಹೇಳುತ್ತದೆ. ಹುಡುಗನ ಪಾಡೇ ಹೀಗಾದರೆ ಮನೆ ಬಿಟ್ಟು ಹೊರಗೆ ಹೋಗಲಾರದ ಹೆಣ್ಣುಮಗಳ ಪಾಡೇನು? ನರಸಿಂಹಯ್ಯನವರ ಸಭೆಗೆ ಹೋಗಲು ಅವಳಿಗೆ ಬೆಂಗಳೂರಿನಲ್ಲಿ ಮನೆಯಿರಬೇಕಾಗಿತ್ತು, ಸಂಜೆಯ ಬಿಡುವಿರಬೇಕಾಗಿತ್ತು, ಹೋಗಿ ಬಾ ಎನ್ನುವ ತಂದೆಯಿರಬೇಕಾಗಿತ್ತು. ಮೊಬೈಲಿಗೆ ಇವು ಯಾವುವೂ ಬೇಡ. ಹಾಸಿಗೆಯಲ್ಲಿ ಮುಸುಕು ಹೊದ್ದು ಅವಳೂ ಪ್ರಶ್ನೆ ಕೇಳಬಹುದು. ಇದು ದೊಡ್ಡ ಲಾಭ. ಇದನ್ನು ಅಲ್ಲಗಳೆಯುವವರ ಜೊತೆ ನಾನಿಲ್ಲ.

ಲಾಭದ ಜೊತೆಗೆ ಅಪಾಯವೂ ಬಂದಿತು. ಬಂಗಾಳಿ ಭಾಷೆಯ ವಿಚಾರವಾದಿಗಳು ‘ಮುಕ್ತೊ ಮೊನಾ’ ಎಂಬ ಜಾಲದ ಬಳಗವನ್ನು 2001ರಲ್ಲಿ ಕಟ್ಟಿದರು. ಮುಕ್ತ ಮನಸ್ಸು ಎಂದರ್ಥ. ನಮ್ಮ ನರಸಿಂಹಯ್ಯನವರ ‘ತೆರೆದ ಮನ’ದಂತೆಯೇ. ಅದರ ಸ್ಥಾಪಕ ಅವಿಜಿತ್ ರಾಯ್ 2015ರ ಫೆಬ್ರವರಿ 26ರಂದು ಢಾಕಾದ ಪುಸ್ತಕ ಮೇಳದಿಂದ ಹೆಂಡತಿಯೊಡನೆ ಹಿಂದಿರುಗುತ್ತಿದ್ದಾಗ ಬೀದಿಯಲ್ಲಿ ಕೊಚ್ಚಿ ಕೊಂದರು. ಇನ್ನೂ ಹತ್ತಿರದಲ್ಲಿ, ಕೊಯಮತ್ತೂರಿನಲ್ಲಿ, ಫಾರೂಕ್ ಎಂಬ ಯುವಕನನ್ನು 2017ರ ಮಾರ್ಚ್ 16ರ ರಾತ್ರಿ ಕೊಂದರು. ಪೆರಿಯಾರ್ ಪಂಥದ ಸಂಘಟನೆಯೊಂದರ ಸದಸ್ಯನಾಗಿದ್ದ ಅವನು ವಾಟ್ಸಾಪಿನಲ್ಲಿ ನಾಸ್ತಿಕ ವಿಚಾರಗಳ ಗುಂಪೊಂದನ್ನು ನಡೆಸುತ್ತಿದ್ದ. ಪರದೆಯ ಒಳಗಿನ ಬಳಗ ಹೊರಗಿನ ಕತ್ತಿಯಿಂದ ಯಾರನ್ನೂ ಕಾಪಾಡಲಾರದು. ಅವನ ತಂದೆ ಅದುವರೆಗೆ ನಂಬಿಕೆಯುಳ್ಳವರು. ಮಗ ಸತ್ತ ಮೇಲೆ ಮಗನ ಸಂಘಟನೆಯನ್ನು ತಾನೂ ಸೇರುವೆನೆಂದರು. ಯಾವ ವಾದಕ್ಕೂ ಸೋಲದವರು ಹೀಗೆ ಒಂದು ಶವದ ಮುಂದೆ ಪಕ್ಷ ಬದಲಿಸಿದರು.

ನಮ್ಮ ನಾಡಿನ ಸುತ್ತಮುತ್ತಲೂ ಇದೇ ವರ್ಷಗಳಲ್ಲಿ ರಕ್ತ ಹರಿದಿದೆ. 2013ರ ಆಗಸ್ಟ್ 20ರಂದು ಪುಣೆಯಲ್ಲಿ ದಾಭೋಳ್ಕರ್, 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಬಾಗಿಲಲ್ಲಿ ಕಲಬುರ್ಗಿ. ಕಲಬುರ್ಗಿಯವರು ನಾಸ್ತಿಕ ಪ್ರಚಾರಕರಾಗಿರಲಿಲ್ಲ, ವಚನಗಳ ಸಂಶೋಧಕರು. ಗುಂಡಿಗೆ ಆ ಭೇದ ತಿಳಿಯಲಿಲ್ಲ. ಆದಕಾರಣ, ಎಲ್ಲರೂ ಬೀದಿಗೆ ಬಂದು ಮಾತಾಡಿ ಎಂದು ಕಟ್ಟೆಯ ಮೇಲೆ ಕುಳಿತ ನನ್ನಂಥವನು ಯುವಕರಿಗೆ ಉಪದೇಶಿಸುವುದು ಸುಲಭವಲ್ಲ. ಅದು ನನಗೆ ತಿಳಿದಿದೆ.

ಇಷ್ಟನ್ನು ಒಪ್ಪಿಕೊಂಡ ಮೇಲೂ ನನಗೊಂದು ಅಸಮಾಧಾನ ಉಳಿಯುತ್ತದೆ. ಹುಡುಗನ ಗುಂಪುಗಳಲ್ಲಿ ನಡೆಯುವ ಚರ್ಚೆಯನ್ನು ಹಲವು ಸಂಜೆ ಓದಿದೆ. ಅಲ್ಲಿನ ಬಹುಪಾಲು ಪ್ರಶ್ನೆಗಳು ಹಡಗು ಹತ್ತಿ ಬಂದವು. ರಿಚರ್ಡ್ ಡಾಕಿನ್ಸರ ‘ದಿ ಗಾಡ್ ಡೆಲ್ಯೂಶನ್’ 2006ರಲ್ಲಿ ಹೊರಬಂದಾಗಿನಿಂದ ಇಂಗ್ಲೆಂಡ್ ಅಮೆರಿಕಗಳಲ್ಲಿ ಎದ್ದ ವಾದವಿವಾದ ಕಂಪ್ಲಿಯ ಹುಡುಗನ ಬಾಯಲ್ಲಿ ಹಾಗೆಯೇ ಕೇಳಿಬರುತ್ತದೆ. ಜಗತ್ತು ಆರು ದಿನದಲ್ಲಿ ಹುಟ್ಟಿತೆ? ಡಾರ್ವಿನ್ನನನ್ನು ಶಾಲೆಯಲ್ಲಿ ಕಲಿಸಬೇಕೆ? ಎಮ್ಮಿಗನೂರಿನಲ್ಲಿ ಡಾರ್ವಿನ್ನನ ಮೇಲೆ ಯಾರಿಗೂ ಕೋಪವಿಲ್ಲ. ಆರು ದಿನದ ಸೃಷ್ಟಿಯನ್ನು ನಮ್ಮವರು ಯಾರೂ ಪಟ್ಟು ಹಿಡಿದು ಸಾಧಿಸುವುದಿಲ್ಲ. ನಮ್ಮ ಕಡೆಯ ಪ್ರಶ್ನೆಗಳೇ ಬೇರೆ. ಹೆಣ್ಣುಮಗುವಿಗೆ ಜಡೆ ಬಂದಿತೆಂದು ದೇವರಿಗೆ ಬಿಡುವುದು, ಮುತ್ತು ಕಟ್ಟುವುದು, ಮಾಟವೆಂದು ನೆರೆಯ ಮುದುಕಿಯ ಮೇಲೆ ಗುಮಾನಿ, ಕಾಮಾಲೆಯ ಕೂಸಿಗೆ ಬರೆ ಎಳೆಯುವುದು. ದೇವದಾಸಿಯರನ್ನು ಬಿಡುವುದರ ವಿರುದ್ಧ 1982ರಲ್ಲಿ ಶಾಸನವಾಯಿತು. ಬಳ್ಳಾರಿ ಕೊಪ್ಪಳಗಳ ಹಳ್ಳಿಗಳಲ್ಲಿ ಆ ಶಾಸನಕ್ಕೆ ಜೀವ ತುಂಬಿದವರಲ್ಲಿ ಮುತ್ತು ಕಟ್ಟಿಸಿಕೊಂಡ ಹೆಂಗಸರೇ ಮುಖ್ಯರು. ಅವರು ಸಂಘ ಕಟ್ಟಿ, ಇನ್ನೊಂದು ಕೂಸನ್ನು ಬಿಡಗೊಡುವುದಿಲ್ಲವೆಂದು ಮನೆಮನೆಯ ಮುಂದೆ ಕುಳಿತರು. ಅವರಲ್ಲಿ ಅನೇಕರು ಎಲ್ಲಮ್ಮನಿಗೆ ಇಂದಿಗೂ ಕೈಮುಗಿಯುತ್ತಾರೆ. ನಾಸ್ತಿಕರ ಗುಂಪಿನಲ್ಲಿ ಅವರಿಗೆ ಪ್ರವೇಶ ಸಿಕ್ಕೀತೋ ಇಲ್ಲವೋ ನಾನರಿಯೆ.

ಎರಡನೆಯದು ಆ ನಗು. ಬ್ರಹ್ಮಶಿವನನ್ನು ಈಗ ನೆನೆಯಬೇಕು. ಮೊಬೈಲಿನ ಹಿಂದಿನ ಯಂತ್ರದ ಲೆಕ್ಕ ಬಹು ಸರಳ. ನಾವು ಯಾವುದರ ಮೇಲೆ ಎರಡು ಗಳಿಗೆ ಹೆಚ್ಚು ನಿಂತೆವೋ ಅದನ್ನೇ ಮತ್ತೆ ಮತ್ತೆ ಬಡಿಸುತ್ತದೆ. ಭಕ್ತನಿಗೆ ಭಕ್ತಿಯ ಕೋಪವನ್ನೂ ನಾಸ್ತಿಕನಿಗೆ ನಾಸ್ತಿಕತೆಯ ಕೋಪವನ್ನೂ ಬಡಿಸುತ್ತದೆ, ಅದಕ್ಕೆ ಪಕ್ಷಪಾತವಿಲ್ಲ. ಹೀಗಾಗಿ ಅನುಮಾನವೆಂಬುದು ತನ್ನನ್ನು ತಾನು ಪರೀಕ್ಷಿಸಿಕೊಳ್ಳುವ ಬದಲು ಎದುರು ಮನೆಯವರನ್ನು ಪರೀಕ್ಷಿಸುವುದರಲ್ಲೇ ಕಾಲ ಕಳೆಯುತ್ತದೆ. ಒಬ್ಬರು ಒಂದು ಮತದ ದೇವರನ್ನು ಮಾತ್ರ ಹಳಿಯುತ್ತಾರೆ, ಇನ್ನೊಬ್ಬರು ಇನ್ನೊಂದು ಮತದ ದೇವರನ್ನು ಮಾತ್ರ. ಅವರಿಗೆ ನಾಸ್ತಿಕರೆಂಬ ಹೆಸರು ಒಪ್ಪುವುದೆ? ಸಮಯ ಬದಲಾಗಿದೆ, ಸಮಯಪರೀಕ್ಷೆ ಬದಲಾಗಿಲ್ಲ.

2019ರ ಡಿಸೆಂಬರ್ 26ರ ಬೆಳಗಿನ ಕಂಕಣ ಸೂರ್ಯಗ್ರಹಣವನ್ನು ವಾಚಕರು ಮರೆತಿರಲಾರರು. ಮಂಗಳೂರು ಕಾಸರಗೋಡುಗಳ ಆಕಾಶದಲ್ಲಿ ಬಳೆಯಂತೆ ಹೊಳೆದ ಸೂರ್ಯನನ್ನು ಸಾವಿರಾರು ಮಂದಿ ಕಣ್ಣಿಗೆ ಶೋಧಕವಿಟ್ಟು ನೋಡಿ ಹರ್ಷಪಟ್ಟರು. ಅದೇ ಹೊತ್ತಿಗೆ ಕಲಬುರಗಿಯ ಹತ್ತಿರದ ತಾಜ್‌ಸುಲ್ತಾನಪುರದಲ್ಲಿ ಅಂಗವೈಕಲ್ಯವುಳ್ಳ ಮಕ್ಕಳನ್ನು ಹೆತ್ತವರೇ ಕೊರಳವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು. ಗ್ರಹಣದ ಕಾಲದಲ್ಲಿ ಹೀಗೆ ಮಾಡಿದರೆ ಕೈಕಾಲು ಸರಿಹೋಗುವುದೆಂಬ ನಂಬಿಕೆ. ಮಣ್ಣಿನಿಂದ ತಲೆ ಮಾತ್ರ ಕಾಣುವ, ಅಳುತ್ತಿರುವ ಆ ಮಕ್ಕಳ ಚಿತ್ರ ಮಧ್ಯಾಹ್ನದೊಳಗೆ ಎಲ್ಲರ ಕೈಯಲ್ಲಿತ್ತು. ಮೂಢನಂಬಿಕೆಗಳ ವಿರುದ್ಧ 2017ರಲ್ಲಿ ರಾಜ್ಯದ ಶಾಸನಸಭೆ ಒಪ್ಪಿದ ಕಾಯಿದೆ ಜಾರಿಗೆ ಬಂದದ್ದು ಮರುತಿಂಗಳು, 2020ರ ಜನವರಿಯಲ್ಲಿ. ಆ ಚಿತ್ರದ ಕೆಳಗೆ ನನ್ನ ವಿದ್ಯಾರ್ಥಿಯ ಗುಂಪಿನಲ್ಲಿ ಬಂದ ಮಾತುಗಳನ್ನು ಅವನೇ ನನಗೆ ತೋರಿಸಿದ. ನಗೆಯ ಗುರುತುಗಳು, ಆ ತಂದೆತಾಯಿಗಳ ಬುದ್ಧಿಯನ್ನು ಕುರಿತ ಗೇಲಿ, ಅವರ ಜಾತಿ ಯಾವುದೆಂಬ ಊಹೆ. ಆ ತಾಯಿ ಎಷ್ಟು ಆಸ್ಪತ್ರೆಗಳ ಬಾಗಿಲು ತಿರುಗಿ ಬಂದಿರಬಹುದು, ಕೂಸನ್ನು ಕಂಕುಳಲ್ಲಿ ಹೊತ್ತು ಎಷ್ಟು ವರ್ಷ ನಡೆದಿರಬಹುದು ಎಂದು ಕೇಳಿದವರು ಒಬ್ಬರೂ ಇರಲಿಲ್ಲ. ನಾಸ್ತಿಕನಾದವನು ಆ ಪ್ರಶ್ನೆಯನ್ನು ಎಲ್ಲರಿಗಿಂತ ಮೊದಲು ಕೇಳಬೇಕಾಗಿತ್ತು. ಮೇಲಿನಿಂದ ಸಹಾಯ ಬರುವುದಿಲ್ಲವೆಂದು ತಿಳಿದವನು ಅವನೇ ಅಲ್ಲವೆ?

ಆ ದಿನ ಬೆಳಿಗ್ಗೆ ಹುಡುಗನ ಮನೆಯಲ್ಲೂ ಗ್ರಹಣವಿತ್ತು. ಅವನ ಅಕ್ಕ ಹೆರಿಗೆಗೆಂದು ತವರಿಗೆ ಬಂದಿದ್ದಳು. ಏಳು ತಿಂಗಳು ತುಂಬಿತ್ತು. ಎಂಟು ಗಂಟೆಗೆ ಮುಂಚೆಯೇ ಅವಳನ್ನು ಒಳಕೋಣೆಯಲ್ಲಿ ಕೂಡಿಸಿ ಬಾಗಿಲು ಹಾಕಿದರು. ಹನ್ನೊಂದು ದಾಟುವವರೆಗೆ ಅನ್ನ ನೀರು ಮುಟ್ಟುವಂತಿಲ್ಲ, ಮಗ್ಗುಲಾಗುವಂತಿಲ್ಲ. ಹುಡುಗ ಹೊರಗಿನ ಕಟ್ಟೆಯ ಮೇಲೆ ಕುಳಿತು ಗುಂಪಿಗೆ ಗ್ರಹಣದ ವೈಜ್ಞಾನಿಕ ವಿವರಣೆಯನ್ನು ಬರೆದು ಕಳಿಸುತ್ತಿದ್ದನಂತೆ. ಚೆನ್ನಾಗಿಯೇ ಬರೆದಿದ್ದ, ಮುನ್ನೂರು ಜನ ಮೆಚ್ಚಿದ್ದರು.

“ಅಕ್ಕಗ ಒಂದು ಲೋಟ ನೀರು ಕೊಟ್ಟೇನಪ್ಪ?” ಎಂದು ಕೇಳಿದೆ.

ಬಹಳ ಹೊತ್ತು ಸುಮ್ಮನಿದ್ದು, “ಅವ್ವ ಬೈತಾಳ್ರೀ ಸರ್” ಎಂದ.

ನಗಬೇಕಾದ ಮಾತಲ್ಲ ಇದು. ಮುನ್ನೂರು ಜನರ ಮೆಚ್ಚುಗೆಗಿಂತ ಒಬ್ಬ ಅವ್ವನ ಬೈಗುಳ ತೂಕದ್ದು. ಅವ್ವ ಎದುರಿಗಿದ್ದಾಳೆ, ನಾಳೆಯೂ ಇರುತ್ತಾಳೆ, ಮುನ್ನೂರು ಜನ ಎಲ್ಲಿಯೋ ಇದ್ದಾರೆ. ಗೋರಾ ದಂಪತಿಗಳ ಬಳಗವಾಗಿದ್ದರೆ ಆ ದಿನ ಅವರಲ್ಲಿ ನಾಲ್ವರಾದರೂ ಆ ಮನೆಯ ಜಗಲಿಗೆ ಬಂದು ಕುಳಿತಿರುತ್ತಿದ್ದರು. ಅವ್ವನ ಜೊತೆ ಎಲೆಯಡಿಕೆ ಹಾಕುತ್ತ, ತಮ್ಮ ಮನೆಯ ಬಸುರಿಯರು ಗ್ರಹಣದಲ್ಲಿ ಉಂಡು ತಿಂದು ಹೆತ್ತ ಮಕ್ಕಳ ಕಥೆ ಹೇಳುತ್ತ, ಕಡೆಗೆ ನೀರಿನ ಲೋಟವನ್ನು ಅವ್ವನ ಕೈಯಿಂದಲೇ ಕೊಡಿಸುತ್ತಿದ್ದರೋ ಏನೋ. ಹುಡುಗನ ಮುನ್ನೂರು ಮಂದಿಗೆ ಆ ಮನೆ ಎಲ್ಲಿದೆಯೆಂಬುದೇ ಗೊತ್ತಿರಲಿಲ್ಲ. ಅವನೇ ಸುಳ್ಳು ಹೆಸರಿನಲ್ಲಿ ಬರೆಯುತ್ತಿದ್ದ.

ಭಕ್ತರ ವಾಟ್ಸಾಪ್ ಗುಂಪುಗಳಲ್ಲಿ ಇದಕ್ಕಿಂತ ಹೆಚ್ಚಿನ ಅವಿವೇಕವಿಲ್ಲವೆ ಎಂದು ಯಾರಾದರೂ ಕೇಳಬಹುದು. ಧಾರಾಳವಾಗಿ ಉಂಟು. ಆದರೆ ಭಕ್ತನಿಗೆ ಗುಂಪು ಕೈಕೊಟ್ಟರೂ ಗುಡಿಯ ಅಂಗಳವಿದೆ, ತೇರಿದೆ, ಪಂಕ್ತಿಯಿದೆ. ನಾಸ್ತಿಕನಿಗೆ ಮೊಬೈಲೇ ಗುಡಿ, ಮೊಬೈಲೇ ಜಾತ್ರೆ. ಆದ್ದರಿಂದ ಅವನ ಬಳಗ ಎಂಥದೆಂಬ ಪ್ರಶ್ನೆ ಅವನಿಗೆ ಹೆಚ್ಚು ಮುಖ್ಯವಾದುದು.

ಮೊನ್ನೆ ಹುಡುಗ ಬಂದಾಗ ಅವನಿಗೊಂದು ಕೆಲಸ ಹೇಳಿದೆ. ಅವನ ಕನ್ನಡ ಗುಂಪಿನಲ್ಲಿ ಹೊಸಪೇಟೆ, ಸಂಡೂರು, ಕಂಪ್ಲಿ, ಗಂಗಾವತಿಗಳವರು ಯಾರು ಯಾರಿದ್ದಾರೆಂದು ವಿಚಾರಿಸು. ಹತ್ತು ಮಂದಿಯಾದರೂ ನಿಜವಾದ ಹೆಸರಿನಿಂದ ಒಂದು ಸಂಜೆ ಹೊಳೆಯ ದಂಡೆಗೆ ಬನ್ನಿ ಎಂದೆ. ಗುಡಿಯ ಎದುರು ಭಾಷಣ ಮಾಡುವುದು ಬೇಡ. ಯಾರ ಮನಸ್ಸನ್ನೂ ನೋಯಿಸುವುದು ಬೇಡ. ಕೇಸು ಮೊಕದ್ದಮೆಗಳ ಕಾಲವಿದು. ಕಣ್ಣಿಗೆ ಹಿಡಿಯುವ ಗ್ರಹಣದ ಶೋಧಕಗಳನ್ನು ಈಗಿನಿಂದಲೇ ತರಿಸಿಡಿ. ಊರಿನ ಶಾಲೆಯ ಮಾಸ್ತರರನ್ನು ಕಂಡು ಮಾತಾಡಿ. ಆರೋಗ್ಯ ಕೇಂದ್ರದ ದಾದಿಯರನ್ನು, ಆಶಾ ಕಾರ್ಯಕರ್ತೆಯರನ್ನು ಕರೆಯಿರಿ. ಅವರಲ್ಲಿ ಭಕ್ತರೇ ಹೆಚ್ಚು. ಇರಲಿ, ಬಸುರಿಯರ ಮನೆ ಯಾವುದೆಂದು ಗೊತ್ತಿರುವುದು ಅವರಿಗೇ.

2027ರ ಆಗಸ್ಟ್ 2ರಂದು ಮತ್ತೊಂದು ಸೂರ್ಯಗ್ರಹಣವಿದೆ. ಈಜಿಪ್ಟು ಅರೇಬಿಯಗಳಲ್ಲಿ ಪೂರ್ಣಗ್ರಹಣ. ನಮ್ಮ ದೇಶದ ಪಶ್ಚಿಮ ದಕ್ಷಿಣ ಭಾಗಗಳಲ್ಲಿ ಸಂಜೆಯ ಹೊತ್ತಿಗೆ ಪಾರ್ಶ್ವಗ್ರಹಣ. ಆಷಾಢದ ಮೋಡ ಅಡ್ಡ ಬರದಿದ್ದರೆ ಕಾಣಬೇಕು. ಅಂದು ಸೋಮವಾರ, ಶಾಲೆಯ ದಿನ. ಹುಡುಗನ ಅಕ್ಕನ ಮಗಳು ಅಷ್ಟು ಹೊತ್ತಿಗೆ ಎರಡನೆಯ ತರಗತಿಯಲ್ಲಿರುತ್ತಾಳೆ.